ಸದ್ದಿಲ್ಲದ ಕಾರಿಗೊಂದು ಗಂಟೆ

ಮಗಳಿಗೆ ಅಚ್ಚುಕಟ್ಟಿನ ಹುಚ್ಚು ತುಸು ಜಾಸ್ತಿ. ದಾನ ಕೊಡುವ ಹಳೇ ಕಾರೇ ಆದರೂ ಮದುಮಗನ ಹಾಗೆ ಮಿಂಚಬೇಕು ಅವಳಿಗೆ. ಕಾರು ಕೊಡುವ ಹಿಂದಿನ ದಿನ ತನ್ನ ಹೊಲಿಗೆ ಅಂಗಡಿಗೆ ಬೀಗ ಹಾಕಿ ಬಂದು, ಬಕೆಟ್ಟು, ಚಿಂದಿ ಬಟ್ಟೆ ಹಿಡಿದು ಕೂತವಳು ಸಂಜೆಯವರೆಗೂ ಏಳಲಿಲ್ಲ. ಸೀಟಿನ ಸಂದಿಯಲ್ಲಿ ಕೈಗಡಿಯಾರದ ಸ್ಕ್ರೂಗಳು ಸಿಕ್ಕವು, ಕರಗಿ ಅಂಟಿಕೊಂಡ ಪೆಪ್ಪರ್‌ಮೆಂಟೂ ಸಿಕ್ಕಿತು. ಸಕ್ಕರೆ ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ ಮೇಲೂ ಅಪ್ಪ ಕದ್ದು ತಿನ್ನುತ್ತಿದ್ದನೆನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು! ಅವಳಿಗೆ ನಗು ಬಂತು, ಹಿಂದೆಯೇ ಅಳುವೂ ಬಂತು.

ಅಪ್ಪ ಗಡಿಯಾರ ರಿಪೇರಿಯವನು. ಕರೆಂಟಿನಲ್ಲಿ ಓಡುವ ಈ ಪುಟ್ಟ ಕಾರನ್ನು ಕೊಂಡಾಗ ಬೀದಿಯವರೆಲ್ಲ, "ಏನ್ ಸ್ವಾಮಿ, ಇದು ಕಾರೋ, ಇಸ್ತ್ರಿ ಪೆಟ್ಟಿಗೆಯೋ?" ಎಂದು ಆಡಿಕೊಂಡಿದ್ದರು. ಅಮ್ಮನ ಕಣ್ಣು ಆಗಲೇ ಮಂಜಾಗತೊಡಗಿತ್ತು. ಕಾರಿಗೋ ಸದ್ದೇ ಇಲ್ಲ. ಒಂದು ದಿನ ಅಪ್ಪ ಅದನ್ನು ಹಿಂದಕ್ಕೆ ತೆಗೆಯುವಾಗ ಒಗೆದ ಬಟ್ಟೆಯ ಬುಟ್ಟಿ ಹಿಡಿದ ಅಮ್ಮ ಸರಿಯಾಗಿ ಹಿಂದೆಯೇ ನಿಂತಿದ್ದಳು. ಗೇಣು ದೂರದಲ್ಲಿ ಬ್ರೇಕು ಬಿತ್ತು. ಇಳಿದು ಬಂದವನು ಮೊದಲು ಅವಳಿಗೇ ಬೈದ, ಆಮೇಲೆ ಮೆಟ್ಟಿಲ ಮೇಲೆ ಕುಸಿದು ಕೂತ.

ಸಂಜೆ ತನ್ನ ಅಂಗಡಿಯ ಬಾಗಿಲಿಗಿದ್ದ ಹಿತ್ತಾಳೆ ಗಂಟೆಯನ್ನೇ ಬಿಚ್ಚಿ ತಂದು ಹಿಂದಿನ ಬಂಪರಿನ ಕೆಳಗೆ ತಂತಿಯಿಂದ ಕಟ್ಟಿದ. "ಇನ್ಮೇಲೆ ಕಳ್ಳನ ಥರ ಬರಲ್ಲ ಕಣೇ," ಎಂದ.

ಅಂದಿನಿಂದ ಅದೇ ವಾಡಿಕೆಯಾಯಿತು. ಬೆಳಗ್ಗೆ ಅಮ್ಮ ಗೇಟಿನಲ್ಲಿ ನಿಂತು "ಹುಷಾರಾಗಿ ಹೋಗಿಬನ್ನಿ" ಅನ್ನುವುದು, ಅಪ್ಪ ಕಿಟಕಿಯಿಂದ "ಆಯ್ತು, ಬರ್ತೀನಿ" ಅನ್ನುವುದು. ಗಂಟೆಯ ಸದ್ದು ಬೀದಿಯ ತಿರುವು ದಾಟಿದ ಮೇಲೆಯೇ ಅವಳು ಒಳಗೆ ಹೋಗುತ್ತಿದ್ದಳು.

ಕೊನೆಯ ದಿನ ಮಾತ್ರ ಆಂಬುಲೆನ್ಸ್ ಬಂತು. ಅವನ ಕನ್ನಡಕಕ್ಕಾಗಿ ಅಮ್ಮ ಒಳಗೆ ತಡಕಾಡುತ್ತಿದ್ದಾಗಲೇ ಗಾಡಿ ಹೊರಟುಹೋಯಿತು. ಅಪ್ಪ ಮತ್ತೆ ಮನೆಗೆ ಬರಲಿಲ್ಲ. "ಹೋಗಿಬನ್ನಿ ಅಂತ ಒಂದು ಮಾತೂ ಅನ್ಲಿಲ್ವಲ್ಲೇ ನಾನು," ಎಂಬ ಕೊರಗು ಅವಳನ್ನು ಬಿಡಲೇ ಇಲ್ಲ.

ಕಾರನ್ನು ಕಣ್ಣು ಕಾಣದ ಮಕ್ಕಳ ಶಾಲೆಗೆ ಕೊಡೋಣ ಎಂದವಳೂ ಅಮ್ಮನೇ. ಕೇಳಿಕೊಂಡಿದ್ದು ಒಂದೇ: "ಅದು ಹೊರಡೋವಾಗ ನಾನು ಗೇಟಲ್ಲಿ ಇರ್ಬೇಕು, ಅಷ್ಟೇ."

ಬೆಳಗ್ಗೆ ಶಾಲೆಯ ಡ್ರೈವರ್ ಬಂದ. ಕೀಲಿ ಇಸಿದುಕೊಂಡ, ಚಾರ್ಜು ನೋಡಿದ, ಮಗಳಿಗೆ ಕೈಮುಗಿದು ಹೊರಟೂಬಿಟ್ಟ. ಕಾರು ತಿರುವು ದಾಟಿತು. ಈಗ ಕಣ್ಣು ಪೂರಾ ಮಸುಕಾಗಿದ್ದ ಅಮ್ಮ ಗೇಟು ಹಿಡಿದು, ಕತ್ತು ಒಂದಿಷ್ಟು ವಾರೆ ಮಾಡಿ ನಿಂತೇ ಇದ್ದಳು.

"ಯಾಕಂತೆ, ಇನ್ನೂ ಹೊರಟೇ ಇಲ್ಲ?" ಎಂದಳು. "ಚಾರ್ಜ್ ಹಾಕಿದ್ದೆ ತಾನೇ?"

ಗಂಟೆ ಮಗಳ ಕೈಚೀಲದಲ್ಲಿತ್ತು! ಅಪ್ಪನ ನೆನಪಿಗೆ ಅಮ್ಮನ ಹತ್ತಿರವೇ ಇರಲಿ ಎಂದು, ಬಟ್ಟೆ ಬಿಟ್ಟು ಬೇರೇನನ್ನೂ ಕತ್ತರಿಸದ ಕತ್ತರಿಯಿಂದ ತಂತಿ ಕತ್ತರಿಸಿ, ಫಳಫಳ ಉಜ್ಜಿ, ಮಖಮಲ್ಲಿನ ತುಂಡಿನಲ್ಲಿ ಸುತ್ತಿಟ್ಟಿದ್ದಳು. ಅಮ್ಮ ಯಾವುದಕ್ಕೆ ಕಾಯುತ್ತಾಳೆಂಬುದು ಆಗ ಹೊಳೆದೇ ಇರಲಿಲ್ಲ.

"ಅಮ್ಮಾ... ಕಾರು ಹೋಗಿ ಆಯ್ತು," ಎಂದು ಗಂಟೆಯನ್ನು ಅವಳ ಕೈಗಿಟ್ಟಳು. "ನಿಂಗೆ ಅಂತ ಬಿಚ್ಚಿಟ್ಟಿದ್ದೆ."

ಅಮ್ಮ ಅದನ್ನು ಸವರಿದಳು. "ಈ ಸಲವೂ ಹೇಳ್ದೆ ಕೇಳ್ದೆ ಹೋಯ್ತಾ?" ಎಂದಳು. ಆಮೇಲೆ ಸಿಟ್ಟೇ ಬಂತು. "ನಿನ್ನ ಬುದ್ಧಿಗಿಷ್ಟು! ಪೆಟ್ಟಿಗೇಲಿಟ್ಟು ಪೂಜೆ ಮಾಡ್ಲಾ ಇದನ್ನ? ಕಣ್ಣು ಕಾಣದ ಮಕ್ಕಳು ಓಡಾಡೋ ಜಾಗಕ್ಕೆ ಆ ಮೂಕ ಕಾರು ಕಳಿಸಿದ್ಯಲ್ಲೇ! ಕರಿ ಅವನನ್ನ."

ಮಗಳು ಫೋನು ಮಾಡಿದಳು. ಏನಾಯಿತೋ ಎಂದು ಗಾಬರಿಯಿಂದಲೇ ಡ್ರೈವರ್ ವಾಪಸ್ಸು ಬಂದ. ಮಗಳು ಹೊಸ ತಂತಿ ತಂದು ಬಗ್ಗಿದರೆ ಅಮ್ಮ, "ಬಿಡು, ನೀನು ಮಾಡಿದ್ದು ಸಾಕು," ಎಂದು ನೆಲದ ಮೇಲೇ ಕೂತು ಬಂಪರಿನ ಕೆಳಗೆ ಕೈ ಹಾಕಿದಳು. ಅಪ್ಪ ಕಟ್ಟಿದ್ದ ಜಾಗ ಅವಳ ಬೆರಳಿಗೆ ಗೊತ್ತಿತ್ತು.

"ಇದನ್ನ ಮಾತ್ರ ಬಿಚ್ಬೇಡಪ್ಪಾ," ಎಂದಳು ಏಳುತ್ತ. "ಕಾರು ಬರ್ತಿದೆ ಅಂತ ಮಕ್ಕಳಿಗೆ ಗೊತ್ತಾಗ್ಲಿ."

ಕಾರು ಕದಲಿತು. ಕಿಣಿಕಿಣಿ ಎಂದಿತು. ಅಮ್ಮ ಸೆರಗು ಸರಿಮಾಡಿಕೊಂಡು ಗೇಟಿಗೆ ಬಂದಳು.

"ಹುಷಾರಾಗಿ ಹೋಗಿಬನ್ನಿ," ಎಂದಳು. ದನಿ ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿತ್ತು.

ಡ್ರೈವರ್ ತನಗೇ ಹೇಳಿದ್ದೆಂದುಕೊಂಡು ಕಿಟಕಿಯಿಂದ ತಲೆ ಹೊರಹಾಕಿ, "ಆಯ್ತಮ್ಮ, ಬರ್ತೀನಿ," ಎಂದ.

ಮಗಳಿಗೆ ತಡೆಯಲಾಗಲಿಲ್ಲ, ಮುಖ ತಿರುಗಿಸಿ ಅತ್ತಳು. ಸ್ವಲ್ಪ ಹೊತ್ತಿಗೆ ಅವಳ ಕಿವಿಗೆ ಬೀದಿಯ ಗದ್ದಲ ಬಿಟ್ಟು ಬೇರೇನೂ ಕೇಳದಾಯಿತು. ಒಳಗೆ ಹೋಗೋಣವೆಂದು ತೋಳು ಹಿಡಿದರೆ ಅಮ್ಮ ಕೈ ಎತ್ತಿ ತಡೆದಳು.

"ತಾಳೇ, ಇನ್ನೂ ಕೇಳಿಸ್ತಿದೆ."