ಮಾಫಿ ಮುಷ್ಕಿಲ್ ಎನ್ನುವ ಮೊದಲು

ಸೌದಿಯ ಅಭಾ ಊರಿನ ದೊಡ್ಡದೊಂದು ಮನೆಯಲ್ಲಿ ಶರ್ಮಿಳಾ ಕೆಲಸಕ್ಕಿದ್ದಳು. ಬಂಟ್ವಾಳದ ಕಡೆಯವಳು. ಬಂದದ್ದು ಆ ಮನೆಯ ಅಜ್ಜಿಯನ್ನು ನೋಡಿಕೊಳ್ಳಲು. ಅಜ್ಜಿ ತೀರಿಹೋದರು, ಒಪ್ಪಂದದ ಅವಧಿಯೂ ಮುಗಿಯಿತು, ಶರ್ಮಿಳಾಳ ಕೆಲಸ ಮಾತ್ರ ಮುಗಿಯಲಿಲ್ಲ. ಅವಳ ಪಾಸ್‌ಪೋರ್ಟ್ ಕಫೀಲನ, ಅಂದರೆ ಅವಳನ್ನು ಕರೆಸಿಕೊಂಡ ಯಜಮಾನನ, ಕಪಾಟಿನಲ್ಲಿತ್ತು. ಮನೆಗೆ ಹೊರಗಿನಿಂದ ಬೀಗ. ನೆಂಟರಲ್ಲಿ ಔತಣವಿದ್ದರೆ ದೊಡ್ಡ ಪಾತ್ರೆಗಳ ಜೊತೆ ಅವಳನ್ನೂ ಎರವಲು ಕಳಿಸುತ್ತಿದ್ದರು. ವಾಪಸು ಬಂದ ಪಾತ್ರೆಗಳಿಗಾದರೂ ವಿಶ್ರಾಂತಿ ಸಿಗುತ್ತಿತ್ತು.

ಯಾರು ಏನು ಕೇಳಿದರೂ ಅವಳ ಬಾಯಲ್ಲಿ ಒಂದೇ ಮಾತು: "ಮಾಫಿ ಮುಷ್ಕಿಲ್." ತೊಂದರೆ ಇಲ್ಲ ಎಂದರ್ಥ. ಗಲ್ಫಿಗೆ ಬಂದ ನಮ್ಮವರು ಮೊದಲು ಕಲಿಯುವ ಅರಬಿಯೇ ಇದು. ಬಿಸಿ ಚಹಾ ಕೈಮೇಲೆ ಚೆಲ್ಲಿದರೂ ಮಾಫಿ ಮುಷ್ಕಿಲ್. ಸೌದಿಯ ಇನ್ನೊಂದು ಮೂಲೆಯ ಅಬ್ಕೈಕಿನಲ್ಲಿ ಟೆಕ್ನಿಷಿಯನ್ ಆಗಿದ್ದ ಅಣ್ಣ ಜಿತೇಶ್ ಫೋನ್ ಮಾಡಿದಾಗ ಪಕ್ಕದಲ್ಲಿ ಯಜಮಾನಿ ನಿಂತಿರುತ್ತಿದ್ದಳು. ಅವನಿಗೂ ಅದೇ ಉತ್ತರ. ಅವನೂ ನಂಬಿಕೊಂಡು ಹಾಯಾಗಿದ್ದ.

ಮನೆಯ ಮಗುವಿಗೆ ಲಸಿಕೆ ಹಾಕಿಸುವ ದಿನ ಮಾತ್ರ ಶರ್ಮಿಳಾಳಿಗೆ ಹೊರಗಿನ ಗಾಳಿ. ಆಸ್ಪತ್ರೆಯ ನರ್ಸ್ ಫಿಝಾ ಉಳ್ಳಾಲದವಳು. ಯಜಮಾನಿ ಹೊರಗೆ ಮೊಬೈಲ್ ನೋಡುತ್ತ ಕೂತಿದ್ದಾಗ ಒಳಗೆ ಇವರಿಬ್ಬರ ಮಾತು ನಡೆಯಿತು.

"ಊರಿಗೆ ಯಾವಾಗ ಹೋಗುದು ಶರ್ಮಿಳಕ್ಕ?"

"ಕಳಿಸಿದ್ರೆ ಹೋಗುದು."

"ಕಳಿಸಿದ್ರೆ ಅಂದ್ರೆ ಎಂತ? ಪಾಸ್‌ಪೋರ್ಟ್ ಯಾರ ಹತ್ರ ಉಂಟು?"

"ಕಫೀಲನ ಹತ್ರ. ಎಲ್ಲರದ್ದೂ ಹಾಗೇ ಅಲ್ವಾ?"

"ಅಲ್ಲಕ್ಕ. ನಿಮ್ಮ ಪಾಸ್‌ಪೋರ್ಟ್ ನಿಮ್ಮ ಕೈಯಲ್ಲೇ ಇರ್ಬೇಕು. ಇಲ್ಲಿನ ಕಾನೂನೇ ಹಾಗೆ ಹೇಳ್ತದೆ. ಬೀಗ ಹಾಕಿ ದುಡಿಸುದಕ್ಕೆ ಕೆಲಸ ಅಂತ ಹೇಳುದಿಲ್ಲ, ಜೀತ ಅಂತ ಹೇಳುದು. ಅದನ್ನು ಕೇಳ್ಲಿಕ್ಕೆ ಕೋರ್ಟ್ ಉಂಟು."

ಕೋರ್ಟ್ ಎಂದದ್ದೇ ಶರ್ಮಿಳಾ ಬಾಗಿಲ ಕಡೆ ನೋಡಿದಳು. ಫಿಝಾ ತನ್ನ ಫೋನಿನಿಂದ ಜಿತೇಶನಿಗೆ ಕರೆ ಮಾಡಿಕೊಟ್ಟಳು. ಬೀಗದ ಸಂಗತಿ ಅವನು ಕೇಳಿದ್ದು ಅದೇ ಮೊದಲು. ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆ ಬಂತು.

"ಕೋರ್ಟ್ ಗೀರ್ಟ್ ಬೇಡ ಮಾರಾಯ್ತಿ. ನೀನು ಹೊರಗೆ ಕಾಲಿಟ್ರೆ ಅವ ಹುರೂಬ್ ಹಾಕ್ತಾನೆ. ಓಡಿಹೋದವಳು ಅಂತ ಬರೆಸಿದ್ರೆ ಮುಗೀತು ಕತೆ. ನಾನೇ ಅವನ ಕೈಕಾಲು ಹಿಡಿತೇನೆ."

ಫಿಝಾ ಫೋನ್ ತೆಗೆದುಕೊಂಡಳು. "ಜಿತೇಶಣ್ಣ, ಅದಕ್ಕೇ ಸುಮ್ಮನೆ ಓಡ್ಲಿಕ್ಕಿಲ್ಲ. ಹೊರಗೆ ಬಂದ ದಿನವೇ ದೂರು ಕೊಡ್ಬೇಕು. ಪೊಲೀಸರಿಗೆ, ಲೇಬರ್ ಆಫೀಸಿಗೆ, ನಮ್ಮ ಕಾನ್ಸುಲೇಟಿಗೆ."

"ನೀವು ಹೇಳಿದಷ್ಟು ಸುಲಭ ಉಂಟಾ?"

"ಸುಲಭ ಅಂತ ನಾನೆಲ್ಲಿ ಹೇಳಿದೆ? ದಾರಿ ಉಂಟು ಅಂತ ಹೇಳಿದ್ದು."

ಮುಂದಿನ ಲಸಿಕೆಯ ದಿನ ಶರ್ಮಿಳಾ ಮಗುವನ್ನು ಅದರ ತಾಯಿಯ ಮಡಿಲಲ್ಲಿಟ್ಟಳು. ಅದು ಅವಳ ಶಾಲು ಬಿಡಲಿಲ್ಲ. ಎತ್ತಿ ಬೆಳೆಸಿದ ಮಗು. ಅವಳಿಗೂ ಅಳು ಬಂತು. "ನಾನು ಬರುದಿಲ್ಲ" ಎಂದು ಕನ್ನಡದಲ್ಲೇ ಹೇಳಿ ಫಿಝಾಳ ಜೊತೆ ನೇರ ಪೊಲೀಸ್ ಠಾಣೆಗೆ ನಡೆದಳು. ಅಂದೇ ದೂರು ದಾಖಲಾಯಿತು, ಉಳಿಯಲು ಆಶ್ರಯವೂ ಸಿಕ್ಕಿತು. ಲೇಬರ್ ಆಫೀಸಿನ ರಾಜಿ ಮಾತಿಗೆ ಕಫೀಲ ಒಪ್ಪಲಿಲ್ಲ. ಪ್ರಕರಣ ಕೋರ್ಟಿಗೆ ಹೋಯಿತು. ಜಿತೇಶ್ ರಜೆ ಹಾಕಿ ಬಂದ, ಅರೆಮನಸ್ಸಿನಿಂದಲೇ.

ನ್ಯಾಯಾಧೀಶರು ಶರ್ಮಿಳಾಳನ್ನು ನೋಡಿ ಸಮಾಧಾನವಾಗಿ ಅರಬಿಯಲ್ಲಿ ಕೇಳಿದರು: ಏನಾದರೂ ಮುಷ್ಕಿಲ್ ಇದೆಯೇ?

"ಮಾಫಿ ಮುಷ್ಕಿಲ್" ಎಂದುಬಿಟ್ಟಳು.

ಕಫೀಲನ ಮುಖ ಅರಳಿತು. ಅವಳಿಗೆ ತನ್ನ ನಾಲಿಗೆಯನ್ನೇ ಕಚ್ಚಿಕೊಳ್ಳುವಂತಾಯಿತು, ಆದರೆ ಬೇರೆ ಅರಬಿ ಮಾತು ಬಾಯಿಗೆ ಬರಲಿಲ್ಲ. ಆಗ ಎದ್ದು ನಿಂತವನು ಕೋರ್ಟೇ ಬೇಡ ಎಂದಿದ್ದ ಜಿತೇಶ್. ಅಷ್ಟು ವರ್ಷ ಫೋನಿನಲ್ಲಿ ಕೇಳಿದ ಮಾತು ಎಂಥದ್ದೆಂದು ಅವನಿಗೆ ಈಗ ತಿಳಿದಿತ್ತು. "ಇವಳಿಗೆ ಅರಬಿ ಬರುವುದಿಲ್ಲ, ತರ್ಜುಮೆಯವರು ಬೇಕು" ಎಂದು ತನಗೆ ಬರುವ ಅರಬಿಯಲ್ಲಿ ಕೈಮುಗಿದು ಹೇಳಿದ. ನ್ಯಾಯಾಧೀಶರು ಒಪ್ಪಿ ವಿಚಾರಣೆ ಮುಂದೂಡಿದರು.

ಮುಂದಿನ ಸಲ ಬಂದ ತರ್ಜುಮೆಯವರು ಹಿಂದಿ ಬಲ್ಲವರು. ಶರ್ಮಿಳಾಳ ಹಿಂದಿ ಕುಂಟುತ್ತಿತ್ತು. ಆದರೆ ಹೇಳಬೇಕಾದದ್ದು ಬಹಳವೇನೂ ಇರಲಿಲ್ಲ: ಮುಷ್ಕಿಲ್ ಇದೆ, ಹೊರಗಿನಿಂದ ಬೀಗ ಹಾಕುತ್ತಾರೆ, ಪಾಸ್‌ಪೋರ್ಟ್ ಕೊಡುವುದಿಲ್ಲ, ನಾನು ಊರಿಗೆ ಹೋಗಬೇಕು.

"ಹಾಗಾದರೆ ಅಂದು ಇಲ್ಲ ಎಂದದ್ದೇಕೆ?" ಎಂದರು ನ್ಯಾಯಾಧೀಶರು.

"ಆ ಮನೆಯಲ್ಲಿ ಬೇರೆ ಮಾತು ಹೇಳಲು ನನ್ನನ್ನು ಯಾರು ಬಿಟ್ಟರು?"

ತೀರ್ಪಿಗೆ ಕೆಲವು ತಿಂಗಳು ಹಿಡಿಯಿತು. ಕಾಯುವುದು ಕಷ್ಟವೇ ಆಯಿತು. ಕೊನೆಗೆ ಅವಳನ್ನು ಕಫೀಲನ ಹಿಡಿತದಿಂದ ಬಿಡುಗಡೆ ಮಾಡಿ, ಪಾಸ್‌ಪೋರ್ಟ್ ಅವಳ ಕೈಗೇ ಕೊಡಿಸಿದರು. ವಿಮಾನ ನಿಲ್ದಾಣದಲ್ಲಿ ಜಿತೇಶ್, "ಕೊಡು, ನಾನು ಹಿಡ್ಕೊಳ್ತೇನೆ" ಎಂದು ಕೈ ಚಾಚಿದ.

"ಬೇಡಣ್ಣ, ನನ್ನ ಹತ್ರವೇ ಇರ್ಲಿ" ಎಂದಳು ಶರ್ಮಿಳಾ.

ಇದನ್ನು ಸಂಘದಲ್ಲಿ ಕೂತು ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಮಗಳೋ ತಮ್ಮನೋ ಗಲ್ಫಿನಲ್ಲಿದ್ದಾರೆಯೇ? ಇಂದೇ ಫೋನ್ ಮಾಡಿ. "ತೊಂದರೆ ಇಲ್ಲ" ಎಂದರೆ ಅಷ್ಟಕ್ಕೇ ಫೋನ್ ಇಡಬೇಡಿ. ಪಕ್ಕದಲ್ಲಿ ಯಜಮಾನಿ ನಿಂತಿದ್ದರೂ ಹೌದು, ಇಲ್ಲ ಎಂದಷ್ಟೇ ಉತ್ತರಿಸಬಹುದಾದ ಹಾಗೆ ಇನ್ನೊಂದು ಮಾತು ಕೇಳಿ: "ಪಾಸ್‌ಪೋರ್ಟ್ ನಿನ್ನ ಕೈಯಲ್ಲಿ ಉಂಟಾ?"