ಅವಧಿ ಮೀರಿದ ದನಿ

ವಾರಿಗ್ ದ್ವೀಪದ ಸ್ಮಶಾನವನ್ನು ಕಡಲು ತಿನ್ನುತ್ತಿದೆ ಎಂದು ಅಲ್ಲಿಯ ಜನ ಹೇಳಿದ್ದನ್ನೆಲ್ಲ ಕರಾವಳಿ ಪ್ರಾಧಿಕಾರ ಧ್ವನಿಮುದ್ರಿಸಿಕೊಂಡು ಹೋಯಿತು. ತಡೆಗೋಡೆ ಕಟ್ಟಲಿಲ್ಲ. ಸ್ಮಶಾನ ಕಡಲಿಗೆ ಹೋಯಿತು. ಆಮೇಲೆ ಆ ಮುದ್ರಿಕೆಗಳನ್ನೂ ಅಳಿಸಿತು. ಯಾರನ್ನೂ ಕೇಳಲಿಲ್ಲ.

"ಅಳಿಸಿದಾರೆ ಅಂದ್ರೆ ಏನತ್ತಿಗೆ? ಅದೇನು ಸ್ಲೇಟಾ, ಎಂಜಲು ಹಚ್ಚಿ ಒರೆಸೋಕೆ?"

ಡೆಲ್ಮಾ ಕಚೇರಿಯ ಕೌಂಟರಿನ ಮೇಲೆ ಎರಡೂ ಮೊಣಕೈ ಊರಿ ನಿಂತಿದ್ದಳು. ಬಟ್ಟೆ ಅಂಗಡಿಯಿಂದ ನೇರ ಬಂದಿದ್ದಳು; ಮನೆಮಂದಿಗೆಲ್ಲ ಒಂದೇ ಹೂವಿನ ಅಂಗಿ ಹೊಲಿಸಲು ತಂದ ನೀಲಿ ಬಟ್ಟೆಯ ಥಾನು ಅವಳ ಕಂಕುಳಲ್ಲಿತ್ತು. ಬರುವ ಶನಿವಾರ ಅವಳ ಅಪ್ಪ ಎನೋಸಾನ ಗೋರಿಯ ಕಲ್ಲು ತೆರೆಯುವ ದಿನ. ಅಲ್ಲಿಗೆ ದುಃಖದ ಕಾಲ ಮುಗಿಯಿತು. ಅಂದು ಊಟ, ಕುಣಿತ, ಸತ್ತವನ ಹೆಸರನ್ನು ಮತ್ತೆ ಗಟ್ಟಿಯಾಗಿ ಕೂಗಬಹುದು.

"ಮೈಕು ಸ್ಪೀಕರು ಎಲ್ಲ ಗೊತ್ತುಮಾಡಿ ಆಯ್ತು," ಎಂದಳು. "ಕಲ್ಲಿನ ಮೇಲಿನ ಬಟ್ಟೆ ಎಳೆದ ತಕ್ಷಣ ಅಪ್ಪನ ದನಿ ಹಾಕ್ಬೇಕು. ಮುಚ್ಚಿಟ್ಟೋಳು ನೀನು. ತೆಗೆದುಕೊಡೋಳೂ ನೀನೇ."

ಕೌಂಟರಿನ ಆಚೆ ಕೂತವಳು ತಲಿಥಾ. ಥರ್ಸ್‌ಡೇ ದ್ವೀಪದ ಈ ಕಚೇರಿಯಲ್ಲಿ ಪ್ರಾಧಿಕಾರದ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು ಅವಳು. ಡೆಲ್ಮಾ ಅವಳ ನಾದಿನಿ, ಎನೋಸಾ ಮಾವ. ಮುಚ್ಚಿಟ್ಟವಳು ಅವಳೇ ಎಂಬುದು ನಿಜ. ಸಾವಿನ ಕೆಲಸಕ್ಕೆ ಇಲ್ಲಿ ರಕ್ತದವರು ಕೈ ಹಾಕುವಂತಿಲ್ಲ, ಮದುವೆಯಿಂದ ಬಂದವರ ಕೈಯೇ ಆಗಬೇಕು. ಮರಿಗೆತ್ ಎನ್ನುತ್ತಾರೆ ಅವರಿಗೆ. ಮಾವ ಹೋದ ದಿನ ಸುದ್ದಿ ಹೊತ್ತು ಮನೆಮನೆ ತಿರುಗಿದವಳು ಸೊಸೆ. ಅವನ ಅಂಗಿಗಳನ್ನು ಪೆಟ್ಟಿಗೆಗೆ ಹಾಕಿದವಳು, ಮೀನಿನ ಈಟಿಯನ್ನು ಅಟ್ಟಕ್ಕೆ ಏರಿಸಿದವಳು, ಫೋಟೋಗಳನ್ನು ಗೋಡೆಗೆ ಮುಖ ಮಾಡಿ ತಿರುಗಿಸಿದವಳು ಅವಳೇ. ದನಿಯದ್ದೂ ಅದೇ ನಿಯಮ. ಕಲ್ಲು ತೆರೆಯುವ ತನಕ ಸತ್ತವನ ದನಿ ಯಾರ ಕಿವಿಗೂ ಬೀಳಬಾರದು. ವಾರಿಗ್‌ನ ಮುದುಕರು ಹೇಳಿದ್ದನ್ನೆಲ್ಲ ಇಂಗ್ಲಿಷಿಗೆ ಅನುವಾದಿಸಿ ಹೇಳಿದವನು ಎನೋಸಾ. ಹಾಗಾಗಿ ಅವನ ದನಿ ಪ್ರತಿ ಮುದ್ರಿಕೆಯಲ್ಲೂ ಇತ್ತು. ತಲಿಥಾ ಇಡೀ ಕಡತಕ್ಕೇ ಬೀಗ ಹಾಕಿ ಕೂತಳು.

ಕಡಲಾಚೆ ಕೇರ್ನ್ಸ್ ನಗರದಲ್ಲಿರುವ ಪ್ರಾಧಿಕಾರದ ದೊಡ್ಡ ಕಚೇರಿಗೆ ಬೀಗದ ಅರ್ಥ ಬೇರೆ. ವರ್ಷಗಟ್ಟಲೆ ಯಾರೂ ತೆರೆಯದ ಕಡತ ಕಸ. ಕಸವನ್ನು ಯಂತ್ರವೇ ಗುಡಿಸುತ್ತದೆ. ಇವರು ಮುಚ್ಚಿಟ್ಟದ್ದನ್ನು, ಬೇಡವೆಂದು ಬಿಟ್ಟದ್ದು ಎಂದು ಅವರು ಓದಿಕೊಂಡರು. ಮೊನ್ನೆ, ಶನಿವಾರದ ತಯಾರಿಗೆಂದು ತಲಿಥಾ ಬೀಗ ತೆಗೆದರೆ ಒಳಗೆ ಏನೂ ಇರಲಿಲ್ಲ.

"ಪೂರ್ತಿ ಹೋಗಿಲ್ಲ," ಎಂದಳು ಕೊನೆಗೆ. "ಬ್ಯಾಕಪ್‌ನಲ್ಲಿ ಇದೆ."

"ಹಾಗನ್ನು ಮತ್ತೆ! ನನ್ನ ಎದೆ ಒಡೆಸಿಬಿಟ್ಯಲ್ಲ. ಒಂದು ಪೆನ್‌ಡ್ರೈವಿಗೆ ಹಾಕ್ಕೊಂಡು ಬಾ, ಮುಗೀತು."

"ಬುಟ್ಟಿಯಿಂದ ಮಾವಿನಹಣ್ಣು ಆರಿಸಿದ ಹಾಗಲ್ಲ ಕಣೆ ಅದು."

"ಹಾಗಾದ್ರೆ ಹ್ಯಾಗೆ? ನನಗೆ ತಿಳಿಯೋ ಹಾಗೆ ಹೇಳು. ನಾನೇನು ಕೇರ್ನ್ಸ್‌ನ ಸಾಹೇಬಳಲ್ಲ."

ತಲಿಥಾ ಹೇಳಿದಳು. ಎಲ್ಲ ದ್ವೀಪಗಳ ಕಡತಗಳ ಪ್ರತಿಯನ್ನೂ ಯಂತ್ರ ಕಲಸಿ, ದೊಡ್ಡ ದೊಡ್ಡ ಗಂಟು ಕಟ್ಟಿ ಡಿಸ್ಕಿನಲ್ಲಿ ಇಡುತ್ತದೆ. ಆ ಗಂಟಿಗೆ ವಾಲ್ಯೂಮು ಎಂದು ಹೆಸರು. ಪ್ರತಿ ವಾಲ್ಯೂಮಿಗೂ ಒಂದು ಅವಧಿ. ಅವಧಿ ಮುಗಿದರೆ ಯಂತ್ರ ಅದರೊಳಗೆ ಏನಿದೆ ಎಂಬುದನ್ನು ತನ್ನ ಲೆಕ್ಕದಿಂದ ಹೊಡೆದುಹಾಕಿ ಮರೆತುಬಿಡುತ್ತದೆ. ಮರೆಯುತ್ತದೆ ಅಷ್ಟೇ, ಗಂಟು ಇದ್ದಲ್ಲೇ ಇರುತ್ತದೆ. ಜಾಗ ಬೇಕಾಗಿದೆ, ಖಾಲಿ ಮಾಡು ಎಂದು ಮನುಷ್ಯರು ಹೇಳುವ ತನಕ. ಮತ್ತೆ ಹುಡುಕಬೇಕೆಂದರೆ ಒಂದೊಂದೇ ಗಂಟು ಬಿಚ್ಚಿ, ತುದಿಯಿಂದ ತುದಿಗೆ ಓದಿಸಿ ಲೆಕ್ಕಕ್ಕೆ ಸೇರಿಸಬೇಕು. ವಾರಗಟ್ಟಲೆ ಹಿಡಿಯುತ್ತದೆ. ಅದರ ಕೀಲಿಯೂ ಕೇರ್ನ್ಸ್‌ನಲ್ಲಿದೆ.

"ಶನಿವಾರಕ್ಕೆ ಆಗಲ್ಲ," ಎಂದಳು ಡೆಲ್ಮಾ. ಅದು ಪ್ರಶ್ನೆಯಾಗಿರಲಿಲ್ಲ.

"ಆಗಲ್ಲ."

ಡೆಲ್ಮಾ ಬಟ್ಟೆಯ ಥಾನನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಿಸಿಕೊಂಡಳು. "ಹೋಗ್ಲಿ, ಕಲ್ಲು ತೆರೆಯೋದನ್ನ ಮುಂದಕ್ಕೆ ಹಾಕೋಣ. ಜನ ನಗ್ತಾರೆ, ನಗ್ಲಿ. ಊಟಕ್ಕೆ ಅಂತ ತಂದ ಹಂದಿ ಇನ್ನೊಂದಿಷ್ಟು ದಿನ ಬದುಕ್ಕೊಳ್ಳುತ್ತೆ." ಹಾಗೆಂದು ನಗಲು ಹೋದವಳ ಬಾಯಿ ನಡುವೆಯೇ ಸೊಟ್ಟಗಾಯಿತು. "ನೋಡತ್ತಿಗೆ, ಅಪ್ಪನಿಗೆ ಕಲ್ಲಿದೆ. ಈ ಊರಿನ ಗುಡ್ಡದ ಮೇಲೆ, ಒಣ ಮಣ್ಣಲ್ಲಿ ಮಲಗಿದಾನೆ. ವಾರಿಗ್‌ನಲ್ಲಿ ನೀರಲ್ಲಿರೋ ನಮ್ಮೋರಿಗೆ ಏನಿದೆ? ನನ್ನಜ್ಜಿ ಎಲ್ಲಿ ಅಂತ ಅಮ್ಮನ್ನ ಕೇಳ್ದೆ. ಬಾದಾಮಿ ಮರದ ಹತ್ರ ಅಂತಾಳೆ. ಆ ಮರವೇ ಇಲ್ಲ. ಅವರು ಎಲ್ಲೆಲ್ಲಿದ್ದಾರೆ ಅನ್ನೋದು ಅಪ್ಪನ ಬಾಯಲ್ಲಿ ಮಾತ್ರ ಇತ್ತು."

ಅದು ತಲಿಥಾಳಿಗೂ ಗೊತ್ತಿತ್ತು. ವಾರಿಗ್‌ನಲ್ಲಿ ಧ್ವನಿಮುದ್ರಿಸಿದ ದಿನ ಯಂತ್ರದ ಚೀಲ ಹೊತ್ತು ಮಾವನ ಹಿಂದೆ ನಡೆದವಳು ಅವಳು. ನೀರು ತೀರ ಇಳಿದಿತ್ತು. ಎನೋಸಾ ಷರಾಯಿ ಮಡಿಸಿಕೊಂಡು, ಮೊಣಕಾಲುದ್ದ ನೀರಿನಲ್ಲಿ ಸ್ವಂತ ಅಂಗಳದಲ್ಲಿ ಓಡಾಡುವವನ ಹಾಗೆ ನಡೆಯುತ್ತಿದ್ದ. ಪ್ರಾಧಿಕಾರದಿಂದ ಬಂದ ಹುಡುಗಿ ಬೂಟು ನೆನೆಯುತ್ತದೆಂದು ಮರಳ ಮೇಲೆಯೇ ಉಳಿದಳು. ಅವನು ನಿಂತು ನಿಂತು ಹೇಳುತ್ತಿದ್ದ: "ಇಲ್ಲಿ ನನ್ನಮ್ಮ. ಅವಳ ಕಾಲ ಹತ್ತಿರ ಒಂದು ಕೂಸು, ಹೆಸರಿಡೋಕೆ ಮುಂಚೆ ಹೋಯ್ತು. ಇಲ್ಲಿ ನಮ್ಮ ದೊಡ್ಡಪ್ಪ. ಪುಣ್ಯಾತ್ಮ, ಬದುಕಿದ್ದಾಗ ದೋಣಿ ಹತ್ತು ಅಂದ್ರೆ ವಾಂತಿ ಮಾಡ್ಕೊಳ್ಳೋನು. ಈಗ ನೋಡು, ಇಳಿಯೋ ಹಾಗೇ ಇಲ್ಲ." ಹೇಳಿ ತಾನೇ ನಕ್ಕಿದ್ದ. ನಗು ಮುಗಿದ ಮೇಲೆ ಬಹಳ ಹೊತ್ತು ನೀರಿನ ಸದ್ದು. ಅದೂ ಮುದ್ರಣವಾಗಿರಬೇಕು. ಆಮೇಲೆ ಮೆಲ್ಲಗೆ, ಯಂತ್ರಕ್ಕಲ್ಲ, ನೀರಿಗೇ ಹೇಳುವ ಹಾಗೆ, "ಚಳಿ ಆಗ್ತಿದೆಯೇನಮ್ಮ?" ಎಂದಿದ್ದ.

"ತೆಗೀತೀನಿ," ಎಂದಳು ತಲಿಥಾ ನಾದಿನಿಗೆ. "ಎಷ್ಟು ದಿನ ಆದ್ರೂ ತೆಗೀತೀನಿ. ಗ್ರೇಮ್ ಇವತ್ತು ಬರ್ತಾ ಇದಾರೆ. ಕೀಲಿ ಕೇಳ್ತೀನಿ."

"ಕೇಳು. ಅವನಿಗೂ ಶನಿವಾರದ ಊಟಕ್ಕೆ ಬಾ ಅಂತ ಹೇಳು. ಆಮೆ ಮಾಂಸ ತಿಂದ್ರೆ ಎಂಥವನ ಮನಸ್ಸೂ ಮೆತ್ತಗಾಗುತ್ತೆ."

ಗ್ರೇಮ್ ಕೇರ್ನ್ಸ್ ಕಚೇರಿಯಲ್ಲಿ ಅವಳ ಮೇಲಿನವನು. ಹಾರ್ನ್ ದ್ವೀಪದಲ್ಲಿ ವಿಮಾನ ಇಳಿದು, ಗಾಳಿಗೆ ಎದ್ದ ಅಲೆಯಲ್ಲಿ ದೋಣಿ ದಾಟಿ, ಅಂಗಿಯೆಲ್ಲ ಉಪ್ಪುನೀರು ಸಿಡಿಸಿಕೊಂಡು ಮಧ್ಯಾಹ್ನ ಬಂದ. ಕೆಟ್ಟವನಲ್ಲ. ಅವಳ ಮಕ್ಕಳ ಹೆಸರು ಗೊತ್ತು, ಬರುವಾಗ ಬ್ರೆಡ್ಡು ತರುತ್ತಾನೆ. ತಣ್ಣಗೆ ಗುಂಯ್‌ಗುಡುವ ಯಂತ್ರದ ಕೋಣೆಗೆ ಹೋಗಿ ಅವಳ ಮಗ್ಗುಲಿಗೆ ಕುರ್ಚಿ ಎಳೆದುಕೊಂಡು ಕೂತ.

"ಏನು ತಲಿ, ಡಿಸ್ಕು ಕುತ್ತಿಗೆ ತನಕ ತುಂಬಿದೆ. ನಿನ್ನೆಯ ಬ್ಯಾಕಪ್ಪೂ ಅರ್ಧಕ್ಕೆ ನಿಂತಿತು, ಮೊನ್ನೆಯದೂ ನಿಂತಿತು. ನಿನಗೆ ಕಾಣ್ಲಿಲ್ವಾ?"

"ಕಂಡೆ. ಡಿಸ್ಕು ಬೇಕು ಅಂತ ಮಳೆಗಾಲದಿಂದ ಬರೀತಾ ಇದೀನಿ."

"ಡಿಸ್ಕು ಯಾಕೆ? ಅರ್ಧಕ್ಕರ್ಧ ಅವಧಿ ಮುಗಿದ ವಾಲ್ಯೂಮುಗಳೇ ತುಂಬ್ಕೊಂಡಿವೆ. ಸತ್ತ ಹೆಣಗಳು. ಖಾಲಿ ಮಾಡು, ಜಾಗ ವಾಪಸ್ ತಗೋ. ಸಂಜೆ ದೋಣಿಗೆ ನಾನು ಹೊರಡ್ಬೇಕು."

ತಲಿಥಾ ಹೇಳಬೇಕಾದ್ದನ್ನು ಹೇಳಿದಳು. ಮಾವ, ಮುಚ್ಚಿಟ್ಟ ದನಿ, ಶನಿವಾರ. ತನಗೆ ಕೀಲಿ ಕೊಟ್ಟರೆ ಸಾಕು, ರಜೆಯ ದಿನ ಕೂತು ಒಂದೊಂದೇ ಓದಿಸುತ್ತೇನೆ, ಮುಗಿದದ್ದನ್ನು ಮುಗಿದ ಹಾಗೆ ಖಾಲಿ ಮಾಡುತ್ತೇನೆ ಎಂದಳು. ಗ್ರೇಮ್ ಕೇಳಿದ. ನಿಜವಾಗಿ ಕೇಳಿದ, ನಡುವೆ ಬಾಯಿ ಹಾಕಲಿಲ್ಲ. ಆಮೇಲೆ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದ. ಉಪ್ಪು ಇನ್ನಷ್ಟು ಹರಡಿತು.

"ನಿನ್ನ ಮಾವನ ವಿಷಯಕ್ಕೆ ಬೇಜಾರಾಗುತ್ತೆ ತಲಿ. ಆದ್ರೆ ಕೀಲಿ ಕೊಡೋ ಹಾಗಿಲ್ಲ."

"ಯಾಕೆ?"

"ವಾರಿಗ್‌ನವರ ವಕೀಲರು ಅದನ್ನೇ ಕೇಳಿದಾರೆ. ತಡೆಗೋಡೆ ಕಟ್ಟಲಿಲ್ಲ ಅಂತ ನಮ್ಮ ಮೇಲೆ ಹಾಕಿದ ಕೇಸಿದೆಯಲ್ಲ, ಅದಕ್ಕೆ. ಇಂಥಿಂಥ ವರ್ಷ ಇವರು ಇಂಥಿಂಥದು ಹೇಳಿದ್ರು, ಪ್ರಾಧಿಕಾರಕ್ಕೆ ಗೊತ್ತಿತ್ತು ಅಂತ ತೋರಿಸ್ಬೇಕಂತೆ. ನಮ್ಮವರು ಇಲ್ಲ ಅಂತ ಉತ್ತರ ಕೊಟ್ಟಾಗಿದೆ. ಅವಧಿ ಮುಗಿದು ನಾಶ ಆಗಿವೆ ಅಂತ."

ಕೋಣೆಯ ಫ್ಯಾನುಗಳು ಒಂದು ಸಲ ಜೋರಾಗಿ ತಿರುಗಿ ಮತ್ತೆ ಇಳಿದವು.

"ನಾಶ ಆಗಿಲ್ಲ," ಎಂದಳು ತಲಿಥಾ.

"ಲೆಕ್ಕದಲ್ಲಿ ಇಲ್ಲ."

"ಲೆಕ್ಕದಲ್ಲಿ ಇಲ್ಲ. ಇಲ್ಲಿ ಇದೆ." ಅವಳು ಡಿಸ್ಕುಗಳಿದ್ದ ಕಪ್ಪು ಪೆಟ್ಟಿಗೆಯತ್ತ ಗಲ್ಲ ಎತ್ತಿ ತೋರಿಸಿದಳು. "ನ್ಯಾಯಾಲಯಕ್ಕೆ ಸುಳ್ಳು ಹೇಳಿದ್ರಿ."

"ಸುಳ್ಳಲ್ಲ. ಹೇಳಿದೋರಿಗೆ ಗೊತ್ತಿರಲಿಲ್ಲ."

"ಈಗ ನಿಮಗೆ ಗೊತ್ತು."

ಗ್ರೇಮ್ ಕನ್ನಡಕ ಹಾಕಿಕೊಂಡ. "ನೋಡು, ನಾನು ಜಾಗಕ್ಕೆ ಬಂದಿದೀನಿ. ನನ್ನ ಕಾಗದದಲ್ಲಿ ಜಾಗ ಅಂತ ಮಾತ್ರ ಇದೆ. ಇವತ್ತು ಬ್ಯಾಕಪ್ ಓಡದಿದ್ರೆ, ನಾಳೆ ಯಂತ್ರ ಕೆಟ್ರೆ, ಎಲ್ಲ ದ್ವೀಪದ ನೀರಿನ ಪಂಪು, ಆಸ್ಪತ್ರೆ ದೋಣಿಯ ವೇಳೆ, ಎಲ್ಲದರ ಲೆಕ್ಕ ಹೋಗುತ್ತೆ. ಸತ್ತವರಿಗೋಸ್ಕರ ಬದುಕಿದೋರನ್ನ ಮುಳುಗಿಸ್ತೀಯಾ?"

"ಬದುಕಿದೋರನ್ನ ಯಾರು ಮುಳುಗಿಸ್ತಾ ಇದಾರೆ ಅಂತ ವಾರಿಗ್‌ಗೆ ಹೋಗಿ ನೋಡಿ. ಊರ ಒಳಗೇ ನೀರು ಬಂದಿದೆ. ನಿಮ್ಮ ಬೂಟು ನೆನೆಯುತ್ತೆ, ಅಷ್ಟೇ."

ಅವನ ಕಿವಿ ಕೆಂಪಗಾಯಿತು. "ಅದು ಬೇಕಿರಲಿಲ್ಲ."

"ಬೇಕಿತ್ತು. ಜಾಗ ತಾನೆ ನಿಮಗೆ? ನಮ್ಮ ರೇಡಿಯೋದವರ ಹತ್ರ ಖಾಲಿ ಡಿಸ್ಕಿದೆ, ಎರವಲು ಕೊಡ್ತಾರೆ. ಸಂಜೆಯೊಳಗೆ ಜೋಡಿಸ್ತೀನಿ. ಬ್ಯಾಕಪ್ಪು ಓಡುತ್ತೆ, ಪಂಪಿನ ಲೆಕ್ಕ ಉಳಿಯುತ್ತೆ. ಆಗುತ್ತಾ?"

ಗ್ರೇಮ್ ಡಿಸ್ಕಿನ ಮಾತು ಬಿಟ್ಟು ಕಂಪ್ಯೂಟರಿನತ್ತ ತಿರುಗಿದ. ಅಷ್ಟರಲ್ಲೇ ತಲಿಥಾಳಿಗೆ ಎಲ್ಲ ತಿಳಿಯಿತು. ಅವರಿಗೆ ಬೇಕಾದದ್ದು ಜಾಗವಲ್ಲ. ನಾಶವಾಗಿವೆ ಎಂದು ಮೊದಲೇ ಹೇಳಿಬಿಟ್ಟದ್ದು ಈಗ ನಿಜವಾಗಬೇಕಿತ್ತು, ಮತ್ತು ಅದನ್ನು ನಿಜ ಮಾಡುವ ಕೈ ಇಲ್ಲಿಯದೇ ಆಗಬೇಕಿತ್ತು.

ಅವನು ಕುರ್ಚಿಯನ್ನು ಮುಂದೆ ಸರಿಸಿ ತನ್ನ ಗುರುತಿನ ಪದ ಹೊಡೆದ. ಈ ಕೆಲಸಕ್ಕೆ ಇಬ್ಬರ ಒಪ್ಪಿಗೆ ಬೇಕು. ಒಬ್ಬ ಕೇರ್ನ್ಸ್‌ನವನು, ಒಬ್ಬರು ಈ ಕೋಣೆಯ ಹೊಣೆ ಇರುವವರು. ಪರದೆಯ ಮೇಲೆ ಅವಧಿ ಮುಗಿದ ವಾಲ್ಯೂಮುಗಳೆಲ್ಲ ಸಾಲಾಗಿ ಬಂದವು. ಹೆಸರಿಲ್ಲ, ಬರೀ ಸಂಖ್ಯೆಗಳು. ಯಾವುದರಲ್ಲಿ ಮಾವನಿದ್ದಾನೆ, ಯಾವುದರಲ್ಲಿ ಆ ಹೆಸರಿಲ್ಲದ ಕೂಸಿದೆ ಎಂದು ನೋಡಿ ಹೇಳಲಾಗದು. ಕೆಳಗೆ ಎರಡನೆಯವರ ಒಪ್ಪಿಗೆಗೆ ಜಾಗ ಬಿಟ್ಟಿತ್ತು.

"ನಿನ್ನ ಪದ ಹೊಡಿ, ತಲಿ."

ಅವಳು ಪರದೆಯನ್ನೇ ನೋಡುತ್ತಿದ್ದಳು. ದೋಣಿಯ ಎಂಜಿನ್ನು ಸುಟ್ಟುಹೋಗಿ ಗಂಡ ಮನೆಯಲ್ಲಿ ಕೂತಿದ್ದ. ದೊಡ್ಡ ಮಗಳು ಟೌನ್ಸ್‌ವಿಲ್‌ನಲ್ಲಿ ಓದುತ್ತಿದ್ದಳು. ಈ ದ್ವೀಪದಲ್ಲಿ ಇಂಥ ಕೆಲಸ ಇನ್ನೊಂದಿಲ್ಲ. ಅದೆಲ್ಲ ಗ್ರೇಮ್‌ಗೂ ಗೊತ್ತು. ಗೊತ್ತಿರುವುದರಿಂದಲೇ ದನಿ ತಗ್ಗಿಸಿ, "ನಿನ್ನ ಒಳ್ಳೇದಕ್ಕೆ ಹೇಳ್ತಿದೀನಿ. ಮನೆಯವರ ವಿಷಯ ಅಂತ ಹಟ ಹಿಡಿದ್ರೆ ನಾಳೆ ನನ್ನ ಕೈಲಿ ನಿನ್ನನ್ನ ಉಳಿಸ್ಕೊಳ್ಳೋಕೆ ಆಗಲ್ಲ," ಎಂದ.

"ಉಳಿಸ್ಕೋಬೇಡಿ."

"ತಲಿ."

"ನಾನು ಹೊಡೆಯಲ್ಲ ಗ್ರೇಮ್."

"ಹಾಗಾದ್ರೆ ಎದ್ದು ಆಚೆ ಹೋಗು. ಸೋಮವಾರ ಬೇರೆಯವರನ್ನ ಕಳಿಸಿ ಆ ಹೊಣೆ ಅವರಿಗೆ ಬರೆಸ್ತೀವಿ. ನಾಲ್ಕು ದಿನ ತಡ ಆಗುತ್ತೆ, ಅಷ್ಟೇ. ನೀನು ಏನೂ ಉಳಿಸಿದ ಹಾಗೆ ಆಗಲ್ಲ."

ತಲಿಥಾ ಏಳಲಿಲ್ಲ. ಮೇಜಿನ ಮೇಲಿದ್ದ ಫೋನು ಎತ್ತಿಕೊಂಡು, ಅವನ ಎದುರಿಗೇ, ವಾರಿಗ್‌ನವರ ವಕೀಲರ ಕಚೇರಿಯ ಸಂಖ್ಯೆ ಒತ್ತಿದಳು.

"ಫೋನ್ ಇಡು," ಎಂದ ಗ್ರೇಮ್. "ಇಡು ಅಂದೆ."

ಆ ಕಡೆ ಫೋನು ರಿಂಗಾಗುತ್ತಿತ್ತು. ಅವಳು ಅವನತ್ತ ತಿರುಗಿ, ಇಲ್ಲ ಎಂದು ತಲೆಯಾಡಿಸಿ, ಯಾರಾದರೂ ಎತ್ತುವುದನ್ನು ಕಾಯುತ್ತ ಕೂತಳು.