ನಾಲ್ಕನೆಯ ಹೆಗಲು

“ತಲೆ ಕಡೆ ಎತ್ತಿ! ಇನ್ನೂ ಸ್ವಲ್ಪ... ಗೋಡೆಗೆ ತಾಗ್ತಿದೆ!”

ಮೆಟ್ಟಿಲ ತಿರುವಿನಲ್ಲಿ ಸ್ಟ್ರೆಚರ್ ಸಿಕ್ಕಿಕೊಂಡಿತ್ತು. ಕಾಲಿನ ಕಡೆಯ ಎರಡೂ ಹಿಡಿಗಳನ್ನು ಕ್ಷೌರದಂಗಡಿಯ ಮುದುಕ ಒಬ್ಬನೇ ಹಿಡಿದಿದ್ದ. ತಲೆಯ ಕಡೆ ಬೀಗ ರಿಪೇರಿಯವನು, ಪಕ್ಕದಲ್ಲಿ ಸತ್ತವಳ ತಂಗಿ. ಬೆಲ್ಟು ಬಿಗಿದಿದ್ದರೂ ಬಿಳಿ ಹೊದಿಕೆಯೊಳಗೆ ಅಕ್ಕ ಒಂದು ಬದಿಗೆ ಜಾರಿದಳು. ತಂಗಿ ಮೊಣಕಾಲು ಕೊಟ್ಟು ತಡೆದಳು.

“ಬದುಕಿದ್ದಾಗ ಈ ಮೆಟ್ಟಿಲನ್ನ ಮೇಕೆಮರಿ ಥರ ಇಳೀತಿದ್ಲು,” ಮುದುಕ ಏದುಸಿರು ಬಿಟ್ಟ. “ಈಗ ನೋಡು ಹಟ.”

“ಮಾವ, ಮಾತು ಆಮೇಲೆ. ಕಾಲ ಕೆಳಗೆ ನೋಡ್ಕೊಳ್ಳಿ,” ಎಂದ ಬೀಗದವನು.

ಕೆಳಗೆ ಅವಳದೇ ಇಸ್ತ್ರಿ ಅಂಗಡಿ. ಬೇರೆಲ್ಲೂ ಜಾಗವಿಲ್ಲದೆ ಅವಳನ್ನು ಇಸ್ತ್ರಿ ಮೇಜಿನ ಮೇಲೆಯೇ ಇಟ್ಟರು. ಮೇಜಿಗೆ ಹಾಸಿದ ಕಂಬಳಿಯ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಬೀದಿಯವರು ಅವಳನ್ನು ಗೆರೆಯಕ್ಕ ಎನ್ನುತ್ತಿದ್ದರು. ಅವಳು ಇಸ್ತ್ರಿ ಮಾಡಿದ ಪ್ಯಾಂಟಿನ ಗೆರೆಯಲ್ಲಿ ತರಕಾರಿ ಹೆಚ್ಚಬಹುದು ಅನ್ನುವುದು ಮುದುಕನ ಹಳೇ ಜೋಕು. ಇವತ್ತು ಅವನು ಅದನ್ನು ಹೇಳಲಿಲ್ಲ. ತನ್ನ ಕೈಗಳನ್ನೇ ನೋಡಿಕೊಂಡ.

“ಇನ್ನು ಮುಂದೆ ಏರು, ಮಗಳೇ. ಒಂದು ತುದಿ ನಾನೊಬ್ಬನೇ ಹಿಡಿದ್ರೆ ಅವಳ ಪಕ್ಕ ನಾನೂ ಮಲಗ್ತೀನಿ. ಇನ್ನೊಂದು ಹೆಗಲು ಬೇಕು.”

ಶವದ ವ್ಯಾನು ಬೀದಿಯ ಬಾಯಲ್ಲಿ, ಸಾಲಾಗಿ ನೆಟ್ಟ ಕಬ್ಬಿಣದ ಗೂಟಗಳ ಆಚೆ ನಿಂತಿತ್ತು. ‘ಪಾದಚಾರಿಗಳಿಗೆ ಮಾತ್ರ’ ಎಂಬ ಬೋರ್ಡು ಗೂಟಗಳ ಪಕ್ಕದಲ್ಲೇ ಇತ್ತು. ತಾನು ಇಳಿದರೆ ಪೊಲೀಸರು ವ್ಯಾನನ್ನು ಎತ್ತಿಕೊಂಡು ಹೋಗುತ್ತಾರೆಂದು ಡ್ರೈವರು ಸೀಟು ಬಿಟ್ಟು ಏಳಲೊಲ್ಲ. ಅವನ ಪಕ್ಕದಲ್ಲಿ ಹರ್ನಿಯಾ ಆಪರೇಷನ್ ಆದ ತಂಗಿಯ ಗಂಡ, ಹೊಟ್ಟೆ ಹಿಡಿದುಕೊಂಡು ಕೂತಿದ್ದ.

“ಇಷ್ಟು ದೊಡ್ಡ ಬೀದೀಲಿ ನಾಲ್ಕು ಜನ ಸಿಗಲ್ವಾ?” ತಂಗಿಯ ದನಿ ಏರಿತು.



*

ಹೋದ ಬೇಸಿಗೆಯಲ್ಲಿ ತಂಗಿ ಅಕ್ಕನನ್ನು ಕರೆದೊಯ್ಯಲೆಂದೇ ಬಂದಿದ್ದಳು. ಅಕ್ಕ ಇಸ್ತ್ರಿಗೆ ಬಟ್ಟೆ ತರುವ ಕೈಗಾಡಿ ತಳ್ಳುತ್ತಿದ್ದಳು, ತಂಗಿ ಪಕ್ಕದಲ್ಲಿ ನಡೆಯುತ್ತಿದ್ದಳು. ಕಲ್ಲುಹಾಸಿನ ಮೇಲೆ ಗಾಡಿಯ ಮುಂದಿನ ಚಕ್ರ ಕಿರ್‍ರೋ ಎಂದು ಅರಚುತ್ತಿತ್ತು.

“ಒಂದು ತೊಟ್ಟು ಎಣ್ಣೆ ಬಿಡಬಾರ್ದಾ ಇದಕ್ಕೆ?”

“ಬಿಟ್ರೆ ನಾನು ಬಂದೆ ಅಂತ ಯಾರಿಗೆ ಗೊತ್ತಾಗುತ್ತೆ?”

ನಿಜ. ಸದ್ದು ಕೇಳಿದ್ದೇ ಮೇಲೊಂದು ಕಿಟಕಿ ತೆರೆಯಿತು. ಒಂದು ಗಂಟು ಧೊಪ್ಪನೆ ಗಾಡಿಗೆ ಬಿತ್ತು, ಕಿಟಕಿ ಮುಚ್ಚಿತು. ಗಂಟಿನ ತುಂಬ ಹಾಸಿಗೆಯ ಹೊದಿಕೆಗಳು. ಮುಖ ಕಾಣಲೇ ಇಲ್ಲ.

“ಅದು ಟೀಚರಮ್ಮನ ಮನೆ ಅಲ್ವಾ?”

“ಆಗಿತ್ತು. ಈಗ ಪ್ರವಾಸಿಗಳು ದಿನಕ್ಕೊಬ್ರು ಬಂದು ಮಲಗೋ ಬಾಡಿಗೆ ರೂಮು. ಅವಳ ಸೀರೆಗೂ ನಾನೇ ಇಸ್ತ್ರಿ, ಇವರ ಹಾಸಿಗೆಗೂ ನಾನೇ.”

“ನಮ್ಮನೆಗೆ ಬಂದುಬಿಡಕ್ಕ. ಲಿಫ್ಟಿದೆ.”

“ನಿಮ್ಮಲ್ಲಿ ಬೆಂಕಿಪೊಟ್ಟಣ ತರೋಕೂ ಗಾಡಿ ಹತ್ತಬೇಕು. ಇಲ್ಲಿ ಚಪ್ಪಲಿ ಮೆಟ್ಟಿ ಹೊಸಿಲು ದಾಟಿದ್ರೆ ನಾಲ್ಕು ಜನ ಸಿಗ್ತಾರೆ.”

“ಯಾವ ನಾಲ್ಕು ಜನ? ಹೇಳು ನೋಡೋಣ.”

ಅಕ್ಕ ಗಾಡಿ ನಿಲ್ಲಿಸಿ ಬೆರಳು ಮಡಚಿದಳು. “ಕ್ಷೌರದ ಮಾವ. ಬೀಗದವನು. ಬ್ರೆಡ್ಡಿನಂಗಡಿಯವಳು...”

“ಅವಳು ಅಂಗಡಿ ಮಾರಿ ಹೋದ್ಲು ಅಂತ ನೀನೇ ಹೇಳಿದ್ಯಲ್ಲ.”

ಅಕ್ಕ ಮೂರನೆಯ ಬೆರಳನ್ನು ಬಿಚ್ಚಿದಳು. ಆಮೇಲೆ ಗಾಡಿಯನ್ನು ತುಸು ಜೋರಾಗಿಯೇ ತಳ್ಳಿದಳು.

*

ಇವತ್ತು ಇಸ್ತ್ರಿ ಅಂಗಡಿಯ ಹೊರಗೆ ಪ್ರವಾಸಿಗಳ ಗುಂಪೊಂದು ಬಂದಿತ್ತು. ಗೈಡು ಪುಟ್ಟ ಬಾವುಟ ಎತ್ತಿ ಹೇಳುತ್ತಿದ್ದಳು: “ಹಾರ್ನ್ ಇಲ್ಲ, ಹೊಗೆ ಇಲ್ಲ. ಎಲ್ಲದಕ್ಕೂ ನಡೆದೇ ಹೋಗಬಹುದು. ನೆರೆಹೊರೆ ಅಂದ್ರೆ ಏನು ಅಂತ ಇಲ್ಲಿ ನೋಡಬೇಕು.”

ತಂಗಿ ಅವಳ ಮೊಣಕೈ ಹಿಡಿದಳು. “ಒಬ್ಬರನ್ನ ಕಳಿಸಿಕೊಡಮ್ಮ. ಗೂಟದ ತನಕ ಹೆಗಲು ಕೊಟ್ರೆ ಸಾಕು.”

ಗೈಡು ಬಾಗಿಲೊಳಗೆ ಇಣುಕಿದಳು. “ಅಯ್ಯೋ... ಪಾಪ. ಆದ್ರೆ ಇವರು ಬಿದ್ದುಗಿದ್ದು ಕಾಲು ಮುರ್ಕೊಂಡ್ರೆ ನಮ್ಮ ಇನ್ಶೂರೆನ್ಸು ಒಪ್ಪಲ್ಲ ಅಕ್ಕ. ತಪ್ಪು ತಿಳೀಬೇಡಿ.” ಬಾವುಟ ಮೇಲೆದ್ದಿತು. ಗುಂಪು ಮುಂದೆ ಹೋಯಿತು. ಹಿಂದೆ ಉಳಿದಿದ್ದ ಒಬ್ಬ ಟೋಪಿ ತೆಗೆದ, ಮತ್ತೆ ಹಾಕಿಕೊಂಡು ಓಡಿದ.

ಬೀದಿಯ ಬಾಯಿಂದ ಹಾರ್ನು ಕೇಳಿಸಿತು. ಡ್ರೈವರಿಗೆ ಇನ್ನೊಂದು ಸಾವಿನ ಮನೆಗೆ ಹೋಗಬೇಕಿತ್ತು.

“ಅವಳ ಗಾಡಿ ಇದೆಯಲ್ಲ,” ಬೀಗದವನು ತಗ್ಗಿದ ದನಿಯಲ್ಲಿ ಹೇಳಿದ.

“ಕೊಳೆಬಟ್ಟೆ ಗಾಡೀಲಿ? ನಮ್ಮಕ್ಕನ್ನ?”

ಮುದುಕ ಗೋಡೆ ಹಿಡಿದುಕೊಂಡು ಕುಕ್ಕರುಗಾಲಲ್ಲಿ ಕೂತಿದ್ದ. ಅವನನ್ನು ನೋಡಿದ ಮೇಲೆ ತಂಗಿಯೇ ಹೋಗಿ ಗಾಡಿಯನ್ನು ಎಳೆದು ತಂದಳು.

ಸ್ಟ್ರೆಚರನ್ನು ಗಾಡಿಯ ಮೇಲೆ ಉದ್ದಕ್ಕೆ ಇಟ್ಟು ಕಟ್ಟಿದರು. ತಂಗಿ ತಳ್ಳಿದಳು. ಚಕ್ರ ಕಿರ್‍ರೋ ಎಂದಿತು.

ಟೀಚರಮ್ಮನ ಮನೆಯ ಕೆಳಗೆ ಬರುವಷ್ಟರಲ್ಲಿ ಮೇಲೆ ಕಿಟಕಿ ತೆರೆದ ಸದ್ದು. ಯಾರೂ ತಲೆ ಎತ್ತುವ ಮೊದಲೇ ಗಂಟು ಬಂದು ಅಕ್ಕನ ಕಾಲುಗಳ ಮೇಲೆ ಧೊಪ್ಪನೆ ಬಿತ್ತು.

“ಯಾವಳೇ ಅದು! ಕಣ್ಣು ಕುರುಡಾ?” ಮುದುಕ ಕೂಗಿದ. ಕೂಗು ಕೆಮ್ಮಾಯಿತು.

ಮುಚ್ಚಬೇಕಿದ್ದ ಕಿಟಕಿ ಮುಚ್ಚಲಿಲ್ಲ. ರೂಮು ಗುಡಿಸುವ ಹೆಂಗಸೊಬ್ಬಳು ಹೊರಗೆ ಬಾಗಿದಳು. ಬಿಳಿ ಹೊದಿಕೆಯ ಆಕಾರ ಕಂಡು ಅವಳ ಕೈ ಬಾಯಿಗೆ ಹೋಯಿತು.

ಬೀಗದವನು ಗಂಟನ್ನು ಎತ್ತಿ ಗೋಡೆಗೆ ಒರಗಿಸಿದ. “ಮುಂದಿನ ಚಕ್ರ ನಾನು ಎತ್ತಿ ಹಿಡೀತೀನಿ. ಸದ್ದು ಮಾಡದೆ ದಾಟಿಬಿಡೋಣ. ಇಲ್ಲಾಂದ್ರೆ ಎಲ್ಲಾ ಮನೆಯಿಂದ್ಲೂ ಎಸೀತಾರೆ.”

“ಬೇಡ,” ಎಂದಳು ತಂಗಿ. “ಅರಚಲಿ.”

ಅವಳು ಸೊಂಟ ಬಗ್ಗಿಸಿ ಏರಿಗೆ ತಳ್ಳಿದಳು. ಚಕ್ರ ಕಲ್ಲಿನಿಂದ ಕಲ್ಲಿಗೆ ಅರಚುತ್ತ ಹತ್ತಿತು. ಎಡಗಡೆ ಒಂದು ಕಿಟಕಿ ತೆರೆಯಿತು. ಬಲಗಡೆ ಇನ್ನೊಂದು. ಹಿಂದೆ ಬಿಟ್ಟುಬಂದ ಹೆಂಗಸು ಮೆಟ್ಟಿಲು ಇಳಿಯುತ್ತಿರುವ ಸದ್ದೋ, ಬರೀ ಬಾಗಿಲು ಬಡಿದ ಸದ್ದೋ, ತಿರುಗಿ ನೋಡಲು ತಂಗಿಗೆ ಪುರಸೊತ್ತಿರಲಿಲ್ಲ. ಗೂಟಗಳ ಹತ್ತಿರದ ಕೊನೆಯ ಮನೆಯ ಕಿಟಕಿಯಲ್ಲಿ ಒಬ್ಬಳು ನಿಂತಿದ್ದಳು. ಹೊದಿಕೆಯ ಗಂಟನ್ನು ಹೊರಗೆ ಚಾಚಿದ್ದವಳು ಅದನ್ನು ಒಳಗೆಳೆದು ಎದೆಗೆ ಅವಚಿಕೊಂಡಳು. ಕೆಳಗೆ ಬಿಡಲಾಗದೆ, ಒಳಗೆ ಇಡಲಾಗದೆ, ವ್ಯಾನಿನ ಬಾಗಿಲು ಮುಚ್ಚುವವರೆಗೂ ಹಾಗೇ ಹಿಡಿದುಕೊಂಡಿದ್ದಳು.